ಹೊಸ ಸ್ಪೀಕರಿನ ತೆಳು ದನಿ

ಇದನ್ನು ಹೇಳುವುದನ್ನು ವರ್ಷಗಟ್ಟಲೆ ಮುಂದೂಡಿದ್ದೇನೆ. ಇವತ್ತು ಕಲ್ಯಾಣದಿಂದ ವಾಶಿಗೆ ಹೊರಟ ಟ್ಯಾಕ್ಸಿಯಲ್ಲಿ ಹಾಡು ತೀರ ತೆಳುವಾಗಿ ಕೇಳಿತು.

“ಸ್ಪೀಕರ್ ಹಾಳಾಗಿದೆಯಾ?” ಎಂದೆ.

ಉಡುಪಿ ಕಡೆಯ ಚಾಲಕ ನಕ್ಕ. “ಮೊನ್ನೆ ಹೊಸತು ಹಾಕಿಸಿದ್ದು ಮಾರಾಯ್ರೆ! ನಿಮ್ಮ ಕಿವಿಗೆ ಹಳೇ ಡಬ್ಬದ ಧಡಧಡ ಅಭ್ಯಾಸ. ಮುಂದೆ ಶೀಳ್‌ಫಾಟಾ ಜಂಕ್ಷನ್ ಬರಲಿ, ಆಮೇಲೆ ಹೇಳಿ.”

ಶೀಳ್‌ಫಾಟಾ ಬರುವಷ್ಟರಲ್ಲಿ ತಬಲಾದ ಮೇಲಿನ ಒಂದೊಂದು ಬೆರಳೂ ಬೇರೆಯಾಗಿ ಕೇಳುತ್ತಿತ್ತು. ಕಿಟಕಿಯ ಗಾಳಿಗೆ ಮುಖವೊಡ್ಡಿ ಸುಖವಾಗಿ ಕುಳಿತೆ.

ಡೊಂಬಿವಲಿಯಲ್ಲಿ ಹೋಟೆಲು ನಡೆಸುತ್ತಿದ್ದಾಗ ನನ್ನ ಕಾರಿಗೂ ಒಬ್ಬರು ಹೊಸ ಸ್ಪೀಕರ್ ಕೂರಿಸಿದ್ದರು. ಎರಡೇ ನಿಮಿಷ ಕೇಳಿ, ಗಿರಾಕಿಗಳ ಎದುರು “ನಕಲಿ ಮಾಲು ಹಾಕಿದ ಕಳ್ಳ” ಎಂದುಬಿಟ್ಟೆ. “ಎರಡು ದಿನ ಕೇಳಿ ನೋಡಿ, ಶೆಟ್ರೆ” ಎಂದರು ಅವರು. ನಾನು ಬಿಚ್ಚಿಸಿ ಕಳಿಸಿದೆ. ಆಮೇಲೆ ನನ್ನ ಮಾತು ನಂಬಿ ಅಲ್ಲಿನ ಹೋಟೆಲು ಮಾಲೀಕರು ಯಾರೂ ಅವರಿಗೆ ಕೆಲಸ ಕೊಡಲಿಲ್ಲ. ನಾನು ಕ್ಷಮೆ ಕೇಳದ ಆ ಮನುಷ್ಯನ ಹೆಸರು ಸದಾಶಿವ.