ಹಂಡೆ ಹಿಂದಿನ ನಾಲ್ಕು ಲಂಗ

ದೃಷ್ಟಿಯೂ ಇಲ್ಲ, ಗ್ರಹಚಾರವೂ ಇಲ್ಲ. ಲೇಸರ್ ಮಾಡೋಕೆ ಹಾಕಿದ್ದ ತೂತು ಮುಚ್ಚಿಕೊಳ್ಳಲಿಲ್ಲ, ಮಗುವಿನ ಸುತ್ತಲಿನ ನೀರು ಸೋರಿತು, ನನ್ನ ಮಗಳು ನಾಚಿಕೆಗೆ ಅದನ್ನ ಮುಚ್ಚಿಟ್ಟಳು. ಆದದ್ದು ಇಷ್ಟೇ.

ದಟ್ಟಗಳ್ಳಿಯಲ್ಲಿ ನಾವು ಮನೆ ಕಟ್ಟಿದ ಹೊಸತು. ಸುತ್ತ ಮನೆಗಿಂತ ಖಾಲಿ ಸೈಟೇ ಜಾಸ್ತಿ. ಮಗಳ ಹೊಟ್ಟೆಯಲ್ಲಿ ಅವಳಿ. ಎರಡಕ್ಕೂ ಒಂದೇ ಮಾಸು, ಒಂದರ ರಕ್ತ ಇನ್ನೊಂದಕ್ಕೆ ಹರಿದುಹೋಗ್ತಿದೆ, ಹೀಗೇ ಬಿಟ್ಟರೆ ಎರಡೂ ಉಳಿಯಲ್ಲ ಅಂದರು ಡಾಕ್ಟರಮ್ಮ. ಐದನೇ ತಿಂಗಳಲ್ಲಿ ಅಳಿಯಂದಿರು ಅವಳನ್ನ ಚೆನ್ನೈಗೆ ಕರೆದುಕೊಂಡು ಹೋದರು. ಹೊಟ್ಟೆಯೊಳಕ್ಕೆ ಸಣ್ಣ ಕೊಳವೆ ಇಳಿಸಿ, ಆ ರಕ್ತದ ದಾರಿಗಳನ್ನ ಲೇಸರಿನಲ್ಲಿ ಸುಟ್ಟು ಮುಚ್ಚಿದರು. ಕೆಲಸ ಚೆನ್ನಾಗೇ ಆಯ್ತು. "ನೀರು ಹೋದರೆ ತಕ್ಷಣ ಆಸ್ಪತ್ರೆಗೆ ಹೋಗಿ" ಅಂತ ಹೇಳಿಯೇ ಕಳಿಸಿದ್ದರು. ನೀರು ಹೋಗೋದು ಅಂದರೆ ಕೊಡ ಒಡೆದ ಹಾಗೆ ಅಂತ ಇವಳು ತಿಳಿದುಕೊಂಡಿದ್ದಳು.

ಏಳನೇ ತಿಂಗಳು. ಶುಕ್ರವಾರ ಸೀಮಂತ. ಬುಧವಾರ ಬಚ್ಚಲಲ್ಲಿ ಸೋಪು ಹುಡುಕ್ತಾ ನೋಡ್ತೀನಿ, ಹಂಡೆ ಹಿಂದೆ ನಾಲ್ಕು ಲಂಗ, ಒದ್ದೆ. ಎತ್ತಿ ಮೂಸಿದೆ.

"ಏನೇ ಇದು?"

"ಕೆಮ್ಮಿದ್ರೆ ಆಗೋಗುತ್ತೆ ಅಮ್ಮಾ. ಅವರಿಗೆ ಹೇಳ್ಬೇಡ."

"ಮೂರು ಹೆತ್ತು ಆ ಬಟ್ಟೆಯೆಲ್ಲಾ ಒಗೆದಿದೀನಿ. ಉಚ್ಚೆ ವಾಸನೆ ನನಗೆ ಗೊತ್ತಿಲ್ವಾ? ಇದು ಉಚ್ಚೆ ಅಲ್ಲ ಕಣೇ. ಏಳು, ಹೊರಡು."

"ನಾಳಿದ್ದು ಸೀಮಂತ..."

"ಸೀಮಂತಕ್ಕೆ ಬೆಂಕಿ ಹಾಕು."

ಆಟೋದಲ್ಲಿ ಅವಳನ್ನ ಒರಗಿಸಿಕೊಂಡು ಹೋದೆ. ಒಂದು ಲಂಗವನ್ನ ಪ್ಲಾಸ್ಟಿಕ್ ಕವರಿಗೆ ಹಾಕಿ ಒಯ್ದು ಡಾಕ್ಟರಮ್ಮನ ಮೇಜಿನ ಮೇಲೆ ಇಟ್ಟುಬುಟ್ಟೆ. ಪರೀಕ್ಷೆ ಮಾಡಿ ನೋಡಿದರು, ನೀರೇ. "ಅಜ್ಜಿ, ನೀವು ನಮ್ಮ ಲ್ಯಾಬಿಗೆ ಕೆಲಸಕ್ಕೆ ಬಂದ್ಬುಡಿ" ಅಂದರು. ನಗ್ತಾನೇ ಅಂದದ್ದು, ಆದರೆ ಅವಳನ್ನ ಮನೆಗೆ ಬಿಡಲಿಲ್ಲ. ನಂಜಾಗಬಾರದು, ಈಗಲೇ ಹೆರಿಗೆಯೂ ಆಗಬಾರದು. ಮಕ್ಕಳು ಒಳಗೆ ಎಷ್ಟು ದಿನ ಇದ್ದರೆ ಅಷ್ಟು ಒಳ್ಳೆಯದು. ನಂಜಿಗೆ ಒಂದು ಇಂಜೆಕ್ಷನ್ನು, ಮಕ್ಕಳ ಶ್ವಾಸಕೋಶ ಬಲಿಯೋಕೆ ಇನ್ನೊಂದು.

ಚಾಮರಾಜಪುರದಿಂದ ಬೀಗಿತ್ತಿ ಬಂದರು. "ಅವಳಿ ಅಂತ ಊರಿಗೆಲ್ಲಾ ಸಾರಿದ್ರಿ. ದೃಷ್ಟಿ ಬಿತ್ತು ನೋಡಿ."

"ದೃಷ್ಟಿ ಬಿದ್ದರೆ ತೂತಾಗಲ್ಲ ಕಣ್ರೀ, ಚುಚ್ಚಿದರೆ ಆಗುತ್ತೆ. ಚುಚ್ಚದೇ ಇದ್ದಿದ್ರೆ ಇಷ್ಟು ಹೊತ್ತಿಗೆ ಎರಡೂ ಹೋಗಿರೋವು. ಕೂತ್ಕೊಳಿ, ಕಾಫಿ ಕುಡೀರಿ."

ಅವರು ಕಾಫಿ ಕುಡಿದು, ಸಕ್ಕರೆ ಕಮ್ಮಿ ಅಂದರು.

ದಿನಕ್ಕೆ ಹತ್ತು ಸಲ ಜ್ವರ ಇದೆಯಾ ಅಂತ ಮಗಳ ಹಣೆ ಮುಟ್ಟಿ ನೋಡ್ತಿದ್ದೆ. "ಅಮ್ಮಾ, ನಿನ್ನ ಕೈ ಬಿಸಿಗೇ ಜ್ವರ ಬರುತ್ತೆ" ಅಂತ ಬೈದಳು. ಮೂರು ವಾರ ತಳ್ಳಿದೆವು. ನಾಲ್ಕನೇ ವಾರದ ಸೋಮವಾರ ಸಂಜೆ ಎರಡು ಹೆಣ್ಣು ಹುಟ್ಟಿದವು. ಒಂದು ಒಂದೂವರೆ ಕೆಜಿ, ಇನ್ನೊಂದು ಒಂದೂಕಾಲು. ನೋಡೋಕೆ ಇಲಿಮರಿಗಳು. ಚಿಕ್ಕದು ಕಿರುಚಿದ್ದು ಕೇಳಿ ನರ್ಸು, "ಇದು ಅಜ್ಜಿ ಗಂಟಲು" ಅಂದಳು. ಇಬ್ಬರೂ ತಾವಾಗಿಯೇ ಉಸಿರಾಡ್ತಿದಾರೆ, ಗಾಜಿನ ಪೆಟ್ಟಿಗೆಯಲ್ಲಿ ಒಂದಷ್ಟು ದಿನ ಇಟ್ಟು ಕೊಡ್ತೀವಿ ಅಂದರು ಡಾಕ್ಟರಮ್ಮ. ಆಮೇಲೆ ನರ್ಸು, "ಮೆತ್ತನೆ ಹಳೇ ಬಟ್ಟೆ ತನ್ನಿ" ಅಂದಳು. ಹುಟ್ಟೋಕೆ ಮುಂಚೆ ಮಗುವಿಗೆ ಬಟ್ಟೆ ಕೂಡಿಸಬಾರದು ಅಂತ ನಮ್ಮಲ್ಲಿ. ಮನೆಯಲ್ಲಿ ಒಂದು ಚೂರೂ ಇರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಎದ್ದವಳೇ ಯಜಮಾನರ ಪಂಚೆ ಹರಿಯೋಕೆ ಕೂತೆ.

"ಅಯ್ಯೋ, ಅದು ನಾನು ದಿನಾ ಉಡೋದು ಕಣೇ!"

"ಇಬ್ಬರಿದಾರೆ. ಇನ್ನೊಂದು ಕೊಡಿ" ಅಂದೆ.