ಆಪದ್ಬಾಂಧವನ ಅಡ್ಡದಾರಿಗಳು

ಆಸ್ಪತ್ರೆಯ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಆಪದ್ಬಾಂಧವ ಎಂದೇ. ಇಮೇಲ್ ಹೋಗಲಿಲ್ಲವೋ, ಆಪದ್ಬಾಂಧವನಿಗೆ ಫೋನ್ ಮಾಡಿ. ಬರಲಿಲ್ಲವೋ, ಆಪದ್ಬಾಂಧವ ಎಲ್ಲಿ? ಊಟದ ಡಬ್ಬಿ ಮುಚ್ಚಿಟ್ಟು ಓಡಿಬರುತ್ತಿದ್ದ, ಪುಣ್ಯಾತ್ಮ! "ನೀನಿಲ್ದೆ ಈ ಆಸ್ಪತ್ರೆ ನಡೆಯಲ್ಲ ಮಾರಾಯ" ಎಂದು ಮ್ಯಾನೇಜರ್ ಬೆನ್ನು ತಟ್ಟಿದರೆ ಸಾಕು, ಉಬ್ಬಿಹೋಗುತ್ತಿದ್ದ. ಸುಳ್ಳೇಕೆ, ಆ ಮಾತು ಕೇಳುವುದಕ್ಕೇ ಅರ್ಧ ಕೆಲಸ ಮಾಡುತ್ತಿದ್ದ.

ಹೆಂಡತಿಗೆ ಬೇರೆ ಊರಿನ ಶಾಲೆಯಲ್ಲಿ ಕೆಲಸ, ಮಗಳೂ ಅಲ್ಲೇ. "ಇಷ್ಟರಲ್ಲೇ ಬಂದುಬಿಡ್ತೀನಿ" ಎಂದು ಇವನು ಹೇಳುತ್ತಿದ್ದಂತೆಯೇ ತೊಟ್ಟಿಲ ಕೂಸು ಶಾಲೆಗೆ ಹೋಗುವಷ್ಟು ಬೆಳೆದಿತ್ತು. ಕೊನೆಗೂ ಆ ಊರಿನಲ್ಲೇ ಇವನಿಗೊಂದು ಕೆಲಸ ಸಿಕ್ಕಿತು. ಸೋಮವಾರ ಸೇರಬೇಕು, ತಪ್ಪಿದರೆ ಬೇರೆಯವರಿಗೆ.

ಮ್ಯಾನೇಜರ್ ಷರತ್ತು ಹಾಕಿದರು. "ಹೊಸ ಇಂಜಿನಿಯರಮ್ಮನಿಗೆ ಎಲ್ಲ ಒಪ್ಪಿಸು. ಒಂದು ವಾರ ನೀನು ಕೀಬೋರ್ಡ್ ಮುಟ್ಟಕೂಡ್ದು, ಬಾಯಿ ಬಿಡಕೂಡ್ದು. ಮೇಲ್ ನಡೀತಾ, ಹೊರಡು. ಇಲ್ಲಾಂದ್ರೆ ನೋಟಿಸ್ ಪ್ರಕಾರ ಇನ್ನೂ ಮೂರು ತಿಂಗಳು ಇಲ್ಲೇ."

ಕಿಟಕಿಯಿಲ್ಲದ ಸರ್ವರ್ ಕೋಣೆಯ ಮೂಲೆಯಲ್ಲಿ ಕೈಕಟ್ಟಿ ಕೂತ. ಯಂತ್ರಗಳ ಗುಂಯ್‌ಗುಡುವಿಕೆ, ತಣ್ಣನೆ ಗಾಳಿ, ಬಾಯಿಗೆ ಬೀಗ. ವಾರ ಹೇಗೋ ಕಳೆಯುತ್ತ ಬಂತು. ಗಡುವಿನ ಕೊನೆಯ ದಿನ, ಶುಕ್ರವಾರ ಮಧ್ಯಾಹ್ನ ಹೆಡ್ ನರ್ಸ್ ಫೋನ್ ಬಂತು. ರಕ್ತನಿಧಿಗೆ ಕಳಿಸಿದ ಬೇಡಿಕೆ ಒಂದೂ ತಲುಪಿಲ್ಲ.

ಇಂಜಿನಿಯರಮ್ಮ ಜಾಣೆ, ಹೆದರಲಿಲ್ಲ. ಒಂದು ಸಂಸ್ಥೆಯ ಮೇಲ್ ಯಾವ ಸರ್ವರ್‌ಗೆ ತಲುಪಬೇಕು ಎನ್ನುವುದನ್ನು ಡಿಎನ್‌ಎಸ್ ಎಂಬ ಅಂತರ್ಜಾಲದ ವಿಳಾಸಪುಸ್ತಕದಲ್ಲಿರುವ ಎಂಎಕ್ಸ್ ದಾಖಲೆ ಹೇಳುತ್ತದೆ. ಅದನ್ನೇ ಕೇಳಿ ನೋಡಿದಳು. "ಅಯ್ಯೋ, ಇದು ಸರಿಯಾಗೇ ಇದೆಯಲ್ಲ! ರಕ್ತನಿಧಿಯವ್ರು ಹೊಸ ಸರ್ವರ್‌ಗೆ ಹೋಗಿದಾರೆ, ದಾಖಲೇಲೂ ಹೊಸದೇ ಇದೆ. ಮತ್ತೆ ನಮ್ಮ ಮೇಲ್‌ಗಳೆಲ್ಲ ಹಳೇದಕ್ಕೇ ಯಾಕೆ ಹೋಗಿ ಸಾಯ್ತಿದೆ?"

ಯಾಕೆಂದು ಇವನಿಗಲ್ಲದೆ ಇನ್ಯಾರಿಗೆ ಗೊತ್ತು? ಹಿಂದೊಮ್ಮೆ ರಕ್ತನಿಧಿಗೆ ಮೇಲ್ ಹೋಗದೆ ರಂಪವಾದಾಗ, ಮೂಲ ಹುಡುಕುವ ತಾಳ್ಮೆಯಿಲ್ಲದೆ ಕೈಯಾರೆ ಒಂದು ಸಾಲು ಬರೆದಿದ್ದ. ರಕ್ತನಿಧಿಗೆ ಹೋಗುವ ಮೇಲ್ ಆದರೆ ಡಿಎನ್‌ಎಸ್ ಕೇಳುವುದೇ ಬೇಡ, ನೇರ ಈ ಯಂತ್ರಕ್ಕೆ ಹೋಗು ಎಂದು. ಮೇಲ್ ಹೋಯಿತು, ಬೆನ್ನು ತಟ್ಟಿಸಿಕೊಂಡ, ಸಾಲು ಅಳಿಸಲಿಲ್ಲ. ಯಾರಿಗೂ ಹೇಳಲೂ ಇಲ್ಲ.

ಸಂಜೆಯವರೆಗೆ ತುಟಿ ಬಿಚ್ಚದಿದ್ದರೆ? ಅವಳೇ ಹುಡುಕಿಕೊಂಡರೆ ಇವನು ಪಾರು. ಆದರೆ ಎಲ್ಲರೂ ನೋಡುವ ಜಾಗದಲ್ಲಿ ಬರೆದಿದ್ದರಲ್ಲವೇ ಅವಳು ಹುಡುಕುವುದು! ಬಾಗಿಲಲ್ಲಿ ಮ್ಯಾನೇಜರ್ ಬೇರೆ ಬಂದು ನಿಂತರು. ಮತ್ತೆ ಹೆಡ್ ನರ್ಸ್ ಫೋನ್.

"ನಾಳೆ ಬೆಳಿಗ್ಗೆ ಒಂದು ಮಗೂಗೆ ಆಪರೇಷನ್ ಇದೆ ಕಣಮ್ಮ. ಬಾಯಲ್ಲಿ ಹೇಳಿದ್ರೆ ರಕ್ತ ಕೊಡಲ್ವಂತೆ, ಮೇಲ್‌ನಲ್ಲೇ ಬರ್ಬೇಕಂತೆ. ಆ ತಾಯಿಗೆ ಏನು ಹೇಳ್ಲಿ ನಾನು?"

ಇಂಜಿನಿಯರಮ್ಮ ಮತ್ತೆ ಅದೇ ಎಂಎಕ್ಸ್ ದಾಖಲೆಯನ್ನೇ ತೆರೆದು ನೋಡಿದಳು. ಇವನು ಕಣ್ಣು ಮುಚ್ಚಿದ, ತೆರೆದ.

"ಮೇಡಂ, ಹಳೇ ಫೋಲ್ಡರ್‌ನಲ್ಲಿ ಮೇಲ್ ಹೋಗೋ ದಾರಿ ಬರೆದಿಟ್ಟ ರೂಟ್ಸ್ ಅಂತ ಒಂದು ಫೈಲ್ ಇದೆ. ಅದ್ರಲ್ಲಿ ರಕ್ತನಿಧಿ ಸಾಲು ತೆಗೀರಿ."

ತೆಗೆದಳು. ಕಟ್ಟಿಕೊಂಡಿದ್ದ ಮೇಲ್‌ಗಳೆಲ್ಲ ಬುಳುಬುಳು ಹರಿದುಹೋದವು. ಮ್ಯಾನೇಜರ್ ಒಳಗೆ ಬಂದು ಬೆನ್ನು ತಟ್ಟಿದರು. "ನೋಡಿದ್ಯಾ? ನೀನಿಲ್ದೆ ನಡೆಯಲ್ಲ ಅಂದಿರ್ಲಿಲ್ವಾ!" ಅವರಿಗೆ ನಿಜಕ್ಕೂ ಖುಷಿಯಾಗಿತ್ತು. ಇವನಿಗೆ ಆ ಕೈಯನ್ನು ಕೊಡವಿ ಹಾಕಬೇಕೆನಿಸಿತು.

ಅವರು ಹೋದ ಮೇಲೂ ಇಂಜಿನಿಯರಮ್ಮ ಪರದೆಯಿಂದ ಕಣ್ಣು ಕೀಳಲಿಲ್ಲ. ಫೈಲ್ ಕೆಳಕ್ಕೆ ಕೆಳಕ್ಕೆ ಹೋಗುತ್ತಲೇ ಇತ್ತು. ಎಲ್ಲವೂ ಅಂಥದೇ ಸಾಲುಗಳು.

"ಸಾರ್, ಇವೆಲ್ಲ ಯಾರು ಬರೆದಿದ್ದು?"

"ನಾನೇ."

ಹೊರಗೆ ಮೆಟ್ಟಿಲ ಮೇಲೆ ಕೂತು ಹೆಂಡತಿಗೆ ಫೋನ್ ಮಾಡಿದ. "ಇನ್ನು ಮೂರೇ ತಿಂಗಳು ಕಣೇ." ಜಗಳವಾಡುತ್ತಾಳೆಂದು ಕಾದ. ಅವಳು ಹೂಂ ಎಂದಳು, ಅಷ್ಟೇ.

"ಪುಟ್ಟಿಗೆ ಕೊಡು. ಸೋಮವಾರ ಬರಕ್ಕಾಗಲ್ಲ ಅಂತ ನಾನೇ ಹೇಳ್ತೀನಿ."

"ಬೇಡ ಬಿಡಿ. ನೀವು ಬರ್ತೀರಿ ಅಂತ ಅವಳಿಗೆ ನಾನು ಹೇಳೇ ಇರ್ಲಿಲ್ಲ."