ಟಾಕಿಯ ಬಾಯಿಗೆ ತುರುಕಿದ ಹತ್ತಿ

ರಾಯಾಪುರದ ಬಳಿ ರೈಲು ಹಳಿ ದಾಟುವಾಗ ನನ್ನ ಹತ್ತಿ ಲಾರಿ ಹಳಿಯ ಮೇಲೆಯೇ ನಿಂತುಬಿಟ್ಟಿತು. ದೂರದಲ್ಲಿ ರೈಲು ಕೂಗಿತು.

"ಏಣಿ ಇಲ್ದ ಹೆಂಗ ಇಳೀಬೇಕೋ ಯಣ್ಣಾ!" ಹತ್ತಿ ಅಂಡಿಗೆಗಳ ಮೇಲೆ ಕುಳಿತಿದ್ದ ಹೆಣ್ಣಾಳುಗಳು ಚೀರಿದರು.

ಜೊತೆಗಿದ್ದ ಲಾರಿ ರಿಪೇರಿಯ ಮೇಸ್ತ್ರಿ ಹುಸೇನಸಾಬರು ಪೆಟ್ರೋಲ್ ಸೋಸುವ ಜಾಲರಿ ಬಿಚ್ಚಿದರು. ಅದರ ತುಂಬ ಹತ್ತಿಯ ಎಳೆ. ಪೆಟ್ರೋಲ್ ಟಾಕಿಯ ಮುಚ್ಚಳ ಕಳೆದಿತ್ತು, ಯುದ್ಧಕಾಲದಲ್ಲಿ ಹೊಸದು ಸಿಗದೆ ಅದರ ಬಾಯಿಗೆ ಹತ್ತಿ ತುರುಕಿದವನು ನಾನೇ; ಅದು ಒಳಗೆ ಜಾರಿಬಿದ್ದಿತ್ತು. ಅವರು ಎಳೆ ಕಿತ್ತು, ಪೆಟ್ರೋಲ್ ನಳಿಗೆಗೆ ಬಾಯಿಟ್ಟು ಊದಿದರು. ನಾನು ಮುಂದೆ ಹ್ಯಾಂಡಲ್ ಹೊಡೆದು ಎಂಜಿನ್ ಚಾಲೂ ಮಾಡಿದೆ. ಲಾರಿ ಹಳಿ ದಾಟಿದ್ದೇ ತಡ, ರೈಲು ಹಾದುಹೋಯಿತು.

"ಟಾಕ್ಯಾಗ ಹತ್ತಿ ಹೆಂಗ ಬಂತೋ ತಮ್ಮಾ?" ಹುಸೇನಸಾಬರು ಪೆಟ್ರೋಲ್ ಉಗುಳುತ್ತ ಕೇಳಿದರು.

"ಗಾಳಿಗೆ ಹಾರಿ ಬಿದ್ದಿರಬೇಕ್ರಿ" ಎಂದೆ. ಅವರು ನಂಬಿದರು.

ಅವರು ತೀರಿಕೊಳ್ಳುವವರೆಗೂ ನಾನು ನಿಜ ಹೇಳಲಿಲ್ಲ. ಈಗಲೂ ರೈಲು ಕೂಗಿದರೆ, ಆ ಹೆಂಗಸರು ಇನ್ನೂ ಅಂಡಿಗೆಗಳ ಮೇಲೆಯೇ ಕುಳಿತಿದ್ದಾರೆ ಎನಿಸುತ್ತದೆ.